ರೊಟ್ಟಿ ಬುಟ್ಟಿಯ ನೀರಿನ ಲೆಕ್ಕ

ಒಂದೇ ಚೀಲದ ಜೋಳ, ಒಂದೇ ಗಿರಣಿಯ ಹಿಟ್ಟು, ಒಂದೇ ಎಸರು, ಒಂದೇ ಹಂಚು. ಬಡಿದ ಕೈಯೂ ಒಂದೇ. ಹಂಚಿನಿಂದ ಇಳಿದು ನೇರ ತಟ್ಟೆಗೆ ಬಂದ ಬಿಸಿರೊಟ್ಟಿ ಮುಚ್ಚಿಟ್ಟರೆ ನಾಳೆ ಸಂಜೆಗೆಲ್ಲ ಹಳಸಲು ವಾಸನೆ ಹಿಡಿಯುತ್ತದೆ, ಮರುದಿನ ಮೇಲೆ ಬೂಸ್ಟು. ಅದರ ಜತೆಯಲ್ಲೇ ಬೆಂದ ಇನ್ನೊಂದು ರೊಟ್ಟಿಯನ್ನು ಒಲೆಯ ಪಕ್ಕಕ್ಕೆ ಆನಿಸಿ, ಮಂದ ಕಾವಿನಲ್ಲಿ ಖಡಕ್ ಮಾಡಿ ಬುಟ್ಟಿಗೆ ಹಾಕಿದರೆ ಎರಡು ತಿಂಗಳಾದರೂ ಅದಕ್ಕೆ ಏನೂ ಆಗುವುದಿಲ್ಲ. ಕಲಬುರಗಿ ಜಿಲ್ಲೆಯ ಸೇಡಂ, ಚಿಂಚೋಳಿ ಕಡೆ ಇದು ಯಾರಿಗೂ ಹೊಸ ಸಂಗತಿಯಲ್ಲ. ಕಾರಣ ಕೇಳಿದರೆ ಉತ್ತರವೂ ತಯಾರಿರುತ್ತದೆ: "ಅದು ಒಣಗ್ಯಾದಲ್ರಿ, ಅದಕ್ಕ ಕೆಡಂಗಿಲ್ಲ."

ಉತ್ತರ ತಪ್ಪಲ್ಲ. ಆದರೆ ಅದೇ ಅಡುಗೆಮನೆಯ ಗೂಡಿನಲ್ಲಿ ಮಾವಿನ ಉಪ್ಪಿನಕಾಯಿಯ ಭರಣಿ ಕೂತಿದೆ. ಹೋಳು ಎತ್ತಿದರೆ ರಸ ತೊಟ್ಟಿಕ್ಕುತ್ತದೆ. ಒಣಗಿದ್ದೆಲ್ಲಿ ಬಂತು? ಆದರೂ ಅದು ವರ್ಷ ದಾಟುತ್ತದೆ. ಇನ್ನೊಂದು ಡಬ್ಬಿಯಲ್ಲಿ ಶೇಂಗಾ ಇದೆ. ಜೋಳ ಕಾಳಿನಲ್ಲಿ ನೂರಕ್ಕೆ 11 ಪಾಲು ನೀರಿದ್ದರೆ ಚಿಂತೆಯಿಲ್ಲ. ಶೇಂಗಾ ಕಾಳಿನಲ್ಲಿ ಅಷ್ಟೇ ನೀರಿದ್ದರೆ ಬೂಸ್ಟು ಬರುವುದು ಖಂಡಿತ. ಎರಡೂ ಒಂದೇ ಪ್ರಮಾಣಕ್ಕೆ ಒಣಗಿವೆ, ಒಂದು ಉಳಿಯುತ್ತದೆ, ಇನ್ನೊಂದು ಹೋಗುತ್ತದೆ. ಹಾಗಾದರೆ ಪದಾರ್ಥದಲ್ಲಿ ಎಷ್ಟು ನೀರಿದೆ ಎಂಬುದಷ್ಟೇ ಲೆಕ್ಕಕ್ಕೆ ಬರುವುದಿಲ್ಲ.

ಬ್ಯಾರಿಕೇಡಿನ ಒಳಗೆ

ಇಂಥ ಪ್ರಶ್ನೆ ಸುಮ್ಮನೆ ಕುತೂಹಲದ್ದಾಗಿ ಉಳಿಯದ ಒಂದು ಬೇಸಿಗೆ ಬಂದಿತ್ತು. 2020ರ ಮಾರ್ಚ್ 10ರಂದು ಕಲಬುರಗಿಯ ಹಿರಿಯರೊಬ್ಬರು ತೀರಿಕೊಂಡರು. ಎರಡು ದಿನದ ಮೇಲೆ ಬಂದ ಪರೀಕ್ಷೆಯ ವರದಿಯಿಂದ ಅದು ಕೋವಿಡ್ ಎಂದು ಗೊತ್ತಾಯಿತು. ದೇಶದಲ್ಲಿ ದಾಖಲಾದ ಮೊದಲ ಕೋವಿಡ್ ಸಾವು ಅದು. ಹೀಗಾಗಿ ಮಾರ್ಚ್ 25ರಂದು ಇಡೀ ದೇಶ ಬಾಗಿಲು ಹಾಕಿಕೊಳ್ಳುವ ಹೊತ್ತಿಗೆ ಈ ಜಿಲ್ಲೆಗೆ ನಿರ್ಬಂಧಗಳು ಆಗಲೇ ಪರಿಚಯವಾಗಿದ್ದವು. ಏಪ್ರಿಲ್‌ನಲ್ಲಿ ವಾಡಿ, ಶಹಾಬಾದ್ ಪಟ್ಟಣಗಳಲ್ಲೂ ಸೋಂಕು ಕಾಣಿಸಿಕೊಂಡಿತು. ಕಂಟೈನ್‌ಮೆಂಟ್ ವಲಯ ಎಂದು ಬೋರ್ಡು ಬಿದ್ದ ಬೀದಿಯಲ್ಲಿ ಎರಡೂ ತುದಿಗೆ ಬ್ಯಾರಿಕೇಡು, ಒಳಗಿನವರು ಒಳಗೇ. ಕೊನೆಯ ರೋಗಿಯ ವರದಿ ನೆಗೆಟಿವ್ ಬಂದ ಮೇಲೂ ನಾಲ್ಕು ವಾರ ಹೊಸ ಸೋಂಕು ಕಾಣದಿದ್ದರೆ ಮಾತ್ರ ಬಿಡುಗಡೆ ಎಂಬುದು ಆಗಿನ ನಿಯಮ.

ಅಂದರೆ ಕಡಿಮೆಯೆಂದರೂ 28 ದಿನ. ಐದು ಮಂದಿಯ ಮನೆ, ತಲೆಗೆ ದಿನಕ್ಕೆ 400 ಗ್ರಾಂ ಧಾನ್ಯ ಎಂದು ಹಿಡಿದರೆ ಒಟ್ಟು 56 ಕಿಲೋ. ಒಂದು ಕ್ವಿಂಟಲ್ ಜೋಳದಲ್ಲಿ ಅರ್ಧಕ್ಕಿಂತ ತುಸು ಜಾಸ್ತಿ. ಸುಗ್ಗಿಯಲ್ಲೇ ವರ್ಷದ ಜೋಳ ತುಂಬಿಕೊಳ್ಳುವ ರೈತಾಪಿ ಮನೆಗೆ ಇದು ಎದೆ ಒಡೆಯುವ ಲೆಕ್ಕವಲ್ಲ. ಕಲ್ಲುಗಣಿಯಲ್ಲೋ ಸಿಮೆಂಟ್ ಕಾರ್ಖಾನೆಯ ಗುತ್ತಿಗೆಯಲ್ಲೋ ದುಡಿದು, ಅಂದಂದಿನ ಕೂಲಿಯಲ್ಲಿ ಅಂದಂದಿನ ಹಿಟ್ಟು ತರುವ ಮನೆಯ ಕಥೆ ಬೇರೆ. ಪ್ರಧಾನ ಮಂತ್ರಿ ಗರೀಬ್ ಕಲ್ಯಾಣ್ ಅನ್ನ ಯೋಜನೆಯಲ್ಲಿ ತಲೆಗೆ ತಿಂಗಳಿಗೆ 5 ಕಿಲೋ ಧಾನ್ಯ, ಕುಟುಂಬಕ್ಕೆ 1 ಕಿಲೋ ಬೇಳೆಕಾಳು ಪುಕ್ಕಟೆ ಎಂದು ಘೋಷಣೆಯಾದದ್ದು ಅಂಥ ಮನೆಗಳಿಗಾಗಿ. ಕೂಲಿ ನಿಂತವರ ಹಸಿವಿಗೆ ಕಾಳು ಕೆಡದಂತೆ ಇಡುವ ವಿದ್ಯೆ ಪರಿಹಾರವಲ್ಲ. ಆದರೆ ಇದ್ದದ್ದನ್ನು ಉಳಿಸಿಕೊಳ್ಳುವ ಪ್ರಶ್ನೆ ಬಂದಾಗ ಇಬ್ಬರ ಮನೆಗೂ ಅನ್ವಯಿಸುವುದು ಒಂದೇ ನಿಯಮ.

ಕಾಲವೂ ಒಂದು ರೀತಿಯಲ್ಲಿ ಈ ಸೀಮೆಯ ಕೈ ಹಿಡಿದಿತ್ತು. ಡಿಸೆಂಬರ್-ಜನವರಿಯಲ್ಲಿ ತೊಗರಿ ರಾಶಿ ಆಗಿರುತ್ತದೆ. ಹಿಂಗಾರಿ ಜೋಳ ಫೆಬ್ರುವರಿ-ಮಾರ್ಚ್‌ನಲ್ಲಿ ಮನೆ ಸೇರುತ್ತದೆ. ಆಮೇಲೆ ಕಲ್ಲು ಕಾಯುವ ಬಿಸಿಲು. ಸಂಡಿಗೆ, ಹಪ್ಪಳ, ಬಾಳಕದ ಮೆಣಸಿನಕಾಯಿ ಮಾಳಿಗೆ ತುಂಬ ಹರಡುವ ದಿನಗಳು. ವರ್ಷದಲ್ಲಿ ಮನೆ ಅತ್ಯಂತ ತುಂಬಿರುವ ಮತ್ತು ಗಾಳಿ ಅತ್ಯಂತ ಒಣಗಿರುವ ಹೊತ್ತಿಗೆ ಸರಿಯಾಗಿ ಲಾಕ್‌ಡೌನ್ ಬಂತು. ಅದೇ ಜುಲೈನಲ್ಲಿ ಬಂದಿದ್ದರೆ ಬುಟ್ಟಿಗಳ ಪರೀಕ್ಷೆ ಬೇರೆಯೇ ಆಗುತ್ತಿತ್ತು. ಯಾಕೆ ಎಂಬುದೇ ಈ ಅಧ್ಯಾಯ.

ಸಂಬಳ ಮತ್ತು ಕೈಯಲ್ಲಿ ಉಳಿದದ್ದು

ವಾಡಿಯ ಒಬ್ಬ ನೌಕರನಿಗೆ ಒಂದನೇ ತಾರೀಖು 20 ಸಾವಿರ ಸಂಬಳ ಬರುತ್ತದೆ ಎಂದುಕೊಳ್ಳಿ. ಮನೆಬಾಡಿಗೆ, ಬೈಕಿನ ಕಂತು, ಕಿರಾಣಿ ಅಂಗಡಿಯ ಉದ್ದರಿ, ಮಕ್ಕಳ ಫೀಜು, ಸಂಘದ ಸಾಲ. ಎಲ್ಲ ಹೋಗಿ ಜೇಬಿನಲ್ಲಿ ಉಳಿಯುವುದು 1 ಸಾವಿರ. ಕಾಗದದ ಮೇಲೆ ಅವನದು 20 ಸಾವಿರದ ಸಂಸಾರ. ಆದರೆ ಜೇಬುಗಳ್ಳನಿಗೆ ಆ ಲೆಕ್ಕ ಬೇಕಿಲ್ಲ. ಅವನಿಗೆ ಸಿಗುವುದು ಜೇಬಿನಲ್ಲಿರುವ ಸಾವಿರ ಮಾತ್ರ.

ಪದಾರ್ಥದೊಳಗಿನ ನೀರೂ ಹೀಗೇ. ನೀರಿನ ಕಣಗಳು ಅಂಟುವ ಸ್ವಭಾವದವು. ಪಿಷ್ಟ, ಪ್ರೋಟೀನು, ಉಪ್ಪು, ಸಕ್ಕರೆ ಇವೆಲ್ಲ ಅವನ್ನು ತಮ್ಮ ಕಡೆ ಎಳೆದು ಹಿಡಿದುಕೊಳ್ಳುತ್ತವೆ. ಹೀಗೆ ಹಿಡಿತಕ್ಕೆ ಸಿಕ್ಕ ನೀರು ಬ್ಯಾಕ್ಟೀರಿಯಾಕ್ಕೂ ಬೂಸ್ಟಿಗೂ ದಕ್ಕುವುದಿಲ್ಲ. ಅವಕ್ಕೆ ದಕ್ಕುವುದು ಯಾರ ಹಿಡಿತವೂ ಇಲ್ಲದೆ ಓಡಾಡಿಕೊಂಡಿರುವ ನೀರು. ಅದನ್ನು ಬಿಡುನೀರು ಎನ್ನೋಣ. ಆಹಾರ ವಿಜ್ಞಾನಿಗಳು ಅಳೆಯುವ ವಾಟರ್ ಆಕ್ಟಿವಿಟಿ ಇದೇ. ಶುದ್ಧ ನೀರಿಗೆ ಅಂಕ 1, ಪೂರ್ತಿ ಒಣಗಿದ್ದಕ್ಕೆ 0. ಉಳಿದ ಆಹಾರವೆಲ್ಲ ಈ ಎರಡರ ನಡುವೆ ಎಲ್ಲೋ ಇರುತ್ತದೆ.

ಇದನ್ನು ಗಟ್ಟಿಯಾಗಿ ತೋರಿಸಿಕೊಟ್ಟವರು ಆಸ್ಟ್ರೇಲಿಯಾದ ವಿಲಿಯಂ ಜೇಮ್ಸ್ ಸ್ಕಾಟ್. ಮಾಂಸ ಹೇಗೆ ಕೆಡುತ್ತದೆ ಎಂಬುದನ್ನು ನೋಡುತ್ತ ಬಂದ ಅವರು, ಊಟ ವಿಷವಾಗಲು ಕಾರಣವಾಗುವ ಸ್ಟ್ಯಾಫಿಲೊಕಾಕಸ್ ಎಂಬ ಬ್ಯಾಕ್ಟೀರಿಯಾವನ್ನು ಉಪ್ಪಿನ ದ್ರಾವಣದಲ್ಲಿ, ಸಕ್ಕರೆ ದ್ರಾವಣದಲ್ಲಿ, ಒಣಗಿಸಿದ ಮಾಂಸ, ಹಾಲಿನ ಪುಡಿ, ಸೂಪುಗಳಲ್ಲಿ ಬೆಳೆಸಿ ನೋಡಿದರು. ನೀರನ್ನು ಹಿಡಿದಿಟ್ಟದ್ದು ಉಪ್ಪೋ ಸಕ್ಕರೆಯೋ ಎಂಬುದು ಬಹುಮಟ್ಟಿಗೆ ಗೌಣವಾಯಿತು. ಬಿಡುನೀರಿನ ಅಂಕ 0.86ರ ಸುಮಾರಿಗೆ ಇಳಿದಾಗ ಬೆಳವಣಿಗೆ ನಿಂತಿತು. 1953ರಲ್ಲಿ ಈ ಫಲಿತಾಂಶ ಪ್ರಕಟವಾದ ಮೇಲೆ ಒಂದೊಂದೇ ಜೀವಿಯ ಗಡಿ ಗುರುತಾಗುತ್ತ ಹೋಯಿತು. ಆಹಾರ ಕೆಡಿಸುವ ಬಹುತೇಕ ಬ್ಯಾಕ್ಟೀರಿಯಾಗಳು 0.91ಕ್ಕಿಂತ ಕೆಳಗೆ ಬೆಳೆಯುವುದಿಲ್ಲ. ಸಾಮಾನ್ಯ ಬೂಸ್ಟುಗಳು 0.80ರವರೆಗೆ ಎಳೆಯುತ್ತವೆ. ಬರಗಾಲಕ್ಕೆ ಒಗ್ಗಿದ ಕೆಲವು ಬೂಸ್ಟುಗಳು ಇನ್ನೂ ಕೆಳಗಿಳಿಯುತ್ತವೆ. ಝೆರೊಮೈಸಿಸ್ ಎಂಬುದೊಂದು 0.61ರಲ್ಲೂ ಮೆಲ್ಲಗೆ ಬೆಳೆಯುತ್ತದೆ. 0.60ರ ಕೆಳಗೆ ಆಹಾರದಲ್ಲಿ ಯಾವ ಸೂಕ್ಷ್ಮಜೀವಿಯೂ ಬೆಳೆಯುವುದಿಲ್ಲ ಎಂದೇ ಲೆಕ್ಕ.

ಈಗ ಬಿಸಿರೊಟ್ಟಿಗೆ ಬನ್ನಿ. ಜೋಳದ ಹಿಟ್ಟಿಗೆ ಗೋಧಿಯಂಥ ಜಿಗುಟಿಲ್ಲ, ಅದಕ್ಕೇ ಕುದಿಯುವ ಎಸರು ಹಾಕಿ ನಾದುವುದು. ಬಿಸಿಗೆ ಪಿಷ್ಟ ಅರಳಿ ನೀರು ಹೀರಿ ಅಂಟಾಗುತ್ತದೆ. ಬೆಂದ ಮೇಲೂ ಮೆತ್ತನೆಯ ರೊಟ್ಟಿಯ ತೂಕದಲ್ಲಿ ಮೂರನೇ ಒಂದು ಪಾಲಿಗಿಂತ ಹೆಚ್ಚು ನೀರೇ. ಪಿಷ್ಟ ತನ್ನ ಕೈಲಾದಷ್ಟು ಹಿಡಿದುಕೊಂಡ ಮೇಲೂ ಬೇಕಾದಷ್ಟು ನೀರು ಬಿಡಿಯಾಗಿ ಉಳಿಯುತ್ತದೆ, ಅಂಕ 0.95ರ ಆಚೆ ಈಚೆ. ಬ್ಯಾಕ್ಟೀರಿಯಾಕ್ಕೆ ಹಬ್ಬ. ಖಡಕ್ ರೊಟ್ಟಿಯಲ್ಲಿ ಉಳಿಯುವುದು ನೂರಕ್ಕೆ ಹತ್ತು ಪಾಲಿಗಿಂತ ಕಡಿಮೆ ನೀರು. ಅಷ್ಟನ್ನೂ ಪಿಷ್ಟ ಬಿಗಿಯಾಗಿ ಹಿಡಿದಿರುತ್ತದೆ. ಅಂಕ 0.60ರ ಗೆರೆಗಿಂತ ಎಷ್ಟೋ ಕೆಳಗೆ. ಬೂಸ್ಟಿನ ಬೀಜ ರೊಟ್ಟಿಯ ಮೇಲೆ ಬೀಳುವುದನ್ನು ಯಾರೂ ತಪ್ಪಿಸಲಾರರು, ಗಾಳಿಯಲ್ಲೆಲ್ಲ ಅದೇ ಇದೆ. ಬಿದ್ದದ್ದು ಮೊಳೆಯಲು ನೀರು ಸಿಗದೆ ಸುಮ್ಮನೆ ಕೂತಿರುತ್ತದೆ. ಇವತ್ತು ಮಹಿಳಾ ಸ್ವಸಹಾಯ ಸಂಘಗಳು 'ಕಲಬುರಗಿ ರೊಟ್ಟಿ' ಎಂಬ ಹೆಸರಿನಲ್ಲಿ ಪ್ಯಾಕೆಟ್ ಮಾಡಿ ದೂರದೂರಿಗೆ ಕಳಿಸಲು ಆಗುವುದು ಈ ಒಂದು ಗುಣದಿಂದ.

ಹಸಿ ಉಪ್ಪಿನಕಾಯಿ, ಒಣ ಶೇಂಗಾ

ಉಪ್ಪಿನಕಾಯಿಯಲ್ಲಿ ನೀರನ್ನು ಹೊರಗೆ ಹಾಕುವುದಿಲ್ಲ, ಇದ್ದಲ್ಲೇ ಕಟ್ಟಿಹಾಕುತ್ತೇವೆ. ಉಪ್ಪಿನ ಒಂದೊಂದು ಕಣವೂ ಕರಗಿ ತನ್ನ ಸುತ್ತ ನೀರನ್ನು ಸೆಳೆದು ನಿಲ್ಲಿಸಿಕೊಳ್ಳುತ್ತದೆ. ಇನ್ನು ಕರಗಲಾರದು ಎನ್ನುವಷ್ಟು ಉಪ್ಪು ತುಂಬಿದ ನೀರಿನ ಅಂಕ 0.75. ಉಪ್ಪಿನಕಾಯಿಗೆ ಅಷ್ಟು ಉಪ್ಪು ಹಾಕಿದರೆ ತಿನ್ನಲಾಗದು. ಅದಕ್ಕೇ ಉಳಿದ ಕೆಲಸವನ್ನು ಮಾವಿನ ಹುಳಿ ಮತ್ತು ಮೇಲೆ ನಿಲ್ಲುವ ಎಣ್ಣೆ ಹಂಚಿಕೊಳ್ಳುತ್ತವೆ. ಹುಳಿ ಬ್ಯಾಕ್ಟೀರಿಯಾವನ್ನು ತಡೆಯುತ್ತದೆ, ಎಣ್ಣೆ ಬೂಸ್ಟಿಗೆ ಗಾಳಿ ಸಿಗದಂತೆ ಮಾಡುತ್ತದೆ.

"ಹಸಿ ಚಮಚ ಹಚ್ಚಬ್ಯಾಡವಾ, ಬೂಸ್ರು ಬರ್ತದ" ಎಂದು ಹಿರಿಯರು ಗದರುವುದುಂಟು. ಎರಡು ಹನಿ ನೀರಿನಿಂದ ಇಡೀ ಭರಣಿಯ ಉಪ್ಪು ತೆಳುವಾಗಿಬಿಡುತ್ತದೆಯೇ? ಇಲ್ಲ. ಆದರೆ ಎಣ್ಣೆಯಿಂದ ಮೇಲೆದ್ದ ಒಂದು ಹೋಳಿನ ನೆತ್ತಿಯಲ್ಲಿ ಆ ಹನಿ ಕೂತರೆ, ಅದಕ್ಕೆ ಉಪ್ಪು ಬೆರೆಯುವ ತನಕ ಅಷ್ಟು ಜಾಗದಲ್ಲಿ ಬಿಡುನೀರು 1ರ ಹತ್ತಿರ ಇರುತ್ತದೆ. ಬೂಸ್ಟಿಗೆ ಬೇಕಾದದ್ದು ಅಂಥ ಸಾಸಿವೆ ಗಾತ್ರದ ಜಾಗ. ಬಿಸಿ ಆರದ ರೊಟ್ಟಿಯನ್ನು ಡಬ್ಬಿಗೆ ಹಾಕಿ ಮುಚ್ಚಿದಾಗಲೂ ಆಗುವುದು ಇದೇ: ಹಬೆ ಮುಚ್ಚಳದ ಒಳಮೈಗೆ ತಾಗಿ ಹನಿಯಾಗಿ, ಅದೇ ಕೆಳಗಿನ ರೊಟ್ಟಿಗೆ ತೊಟ್ಟಿಕ್ಕುತ್ತದೆ.

ಇನ್ನು ಶೇಂಗಾ. ಇಲ್ಲಿ ಗುಟ್ಟು ಎಣ್ಣೆಯಲ್ಲಿದೆ. ಕಾಳಿನ ತೂಕದ ಹತ್ತಿರ ಹತ್ತಿರ ಅರ್ಧದಷ್ಟು ಎಣ್ಣೆ. ಎಣ್ಣೆಗೂ ನೀರಿಗೂ ಆಗದು, ಅದು ಒಂದು ಹನಿಯನ್ನೂ ಹಿಡಿದುಕೊಳ್ಳುವುದಿಲ್ಲ. ಕಾಳಿನ ಎಲ್ಲ ನೀರನ್ನೂ ಉಳಿದರ್ಧವೇ ಹೊರಬೇಕು. ನೂರು ಗ್ರಾಂ ಶೇಂಗಾದಲ್ಲಿ 7 ಗ್ರಾಂ ನೀರಿದ್ದರೆ, ಎಣ್ಣೆ ಬಿಟ್ಟು ಉಳಿದ 52 ಗ್ರಾಂನಲ್ಲಿ ಅದು ನೂರಕ್ಕೆ 13ಕ್ಕಿಂತ ಹೆಚ್ಚು ಪಾಲಾಯಿತು. ಅದಕ್ಕೇ ಜೋಳಕ್ಕೆ 12ರವರೆಗೆ ವಿನಾಯಿತಿ, ಶೇಂಗಾಕ್ಕೆ 7-8ರಲ್ಲೇ ಗಡಿ. ಜೋಳ ಎರಡು ದಿನ ಒಣಗಿದರೆ ಸಾಕು ಎನ್ನುವ ಅಂದಾಜಿನಲ್ಲೇ ಶೇಂಗಾವನ್ನೂ ಚೀಲಕ್ಕೆ ಕಟ್ಟಿದವರು ಮಳೆಗಾಲದಲ್ಲಿ ಹಸಿರು-ಹಳದಿ ಪುಡಿ ಹಿಡಿದ ಕಾಳು ಕಾಣುತ್ತಾರೆ.

ಆ ಪುಡಿಯನ್ನು ಒರೆಸಿ ಹುರಿದರಾಯಿತು ಎನ್ನುವವರಿಗೆ ಒಂದು ಮಾತು. 1960ರಲ್ಲಿ ಇಂಗ್ಲೆಂಡಿನಲ್ಲಿ ಲಕ್ಷಕ್ಕೂ ಮೀರಿ ಟರ್ಕಿ ಕೋಳಿಗಳು ಕಾರಣ ತಿಳಿಯದೆ ಸತ್ತವು. ಹುಡುಕುತ್ತ ಹೋದರೆ ಅವಕ್ಕೆ ಹಾಕಿದ ಬೂಸ್ಟು ಹಿಡಿದ ಶೇಂಗಾ ಹಿಂಡಿ ಸಿಕ್ಕಿತು, ಅದರೊಳಗೆ ಅಫ್ಲಾಟಾಕ್ಸಿನ್ ಎಂಬ ವಿಷ. ಅದು ಅಡುಗೆಯ ಬಿಸಿಗೆ ಪೂರ್ತಿ ಹೋಗುವುದಿಲ್ಲ. ನಮ್ಮ ದಖ್ಖನ್ ಪ್ರಸ್ಥಭೂಮಿಯಲ್ಲೇ 1995ರಲ್ಲಿ ಅಕಾಲಿಕ ಮಳೆಗೆ ಸಿಕ್ಕಿ ಬೂಸ್ಟು ಹಿಡಿದ ಜೋಳ, ಮೆಕ್ಕೆಜೋಳ ತಿಂದ ಹಳ್ಳಿಗಳ ಜನ ಹೊಟ್ಟೆನೋವು, ಭೇದಿಯಿಂದ ಮಲಗಿದರು. ಅಲ್ಲಿ ಕಾರಣವಾದದ್ದು ಫ್ಯುಮೊನಿಸಿನ್ ಎಂಬ ಇನ್ನೊಂದು ಬೂಸ್ಟಿನ ವಿಷ. ಆಸ್ಪತ್ರೆಗೆ ಹೋಗುವುದೇ ದುಸ್ತರವಾದ ಕ್ವಾರಂಟೈನ್ ದಿನಗಳಲ್ಲಿ ಅರ್ಧ ಕಿಲೋ ಶೇಂಗಾ ತಿಪ್ಪೆಗೆ ಹೋದರೆ ನಷ್ಟವೇನಿಲ್ಲ.

ಗಾಳಿಯ ಜತೆ ಕೊಡು-ಕೊಳ್ಳು

ಒಮ್ಮೆ ಒಣಗಿದ್ದು ಹಾಗೇ ಇರುತ್ತದೆಯೇ? ಇರುವುದಿಲ್ಲ. ಕಾಳು ಮತ್ತು ಗಾಳಿಯ ನಡುವೆ ನೀರಿನ ವಹಿವಾಟು ನಡೆಯುತ್ತಲೇ ಇರುತ್ತದೆ. ಕಾಳಿನ ಬಿಡುನೀರು ಹೆಚ್ಚಿದ್ದರೆ ಗಾಳಿಗೆ ಕೊಡುತ್ತದೆ, ಕಡಿಮೆಯಿದ್ದರೆ ಗಾಳಿಯಿಂದ ಎಳೆದುಕೊಳ್ಳುತ್ತದೆ, ಎರಡೂ ಸರಿಸಮವಾದಾಗ ನಿಲ್ಲುತ್ತದೆ. ಇದರಲ್ಲೊಂದು ಸೊಗಸಾದ ಸರಳತೆಯಿದೆ. ಗಾಳಿಯ ತೇವಾಂಶ ನೂರಕ್ಕೆ 30 ಎಂದು ಹವಾಮಾನ ವರದಿ ಹೇಳಿದರೆ, ಆ ಗಾಳಿಯಲ್ಲಿ ಬಹಳ ದಿನ ಬಿಟ್ಟ ಜೋಳದ ಬಿಡುನೀರು 0.30ಕ್ಕೆ ಬಂದು ನಿಲ್ಲುತ್ತದೆ. ತೇವಾಂಶ 80 ಎಂದರೆ 0.80ಕ್ಕೆ. ರೇಡಿಯೋದಲ್ಲಿ ಬರುವ ಹವಾಮಾನ ವರದಿ ನಿಮ್ಮ ಜೋಳದ ಚೀಲದ ಭವಿಷ್ಯವೂ ಹೌದು.

ಏಪ್ರಿಲ್ ಮಧ್ಯಾಹ್ನ ಚಿತ್ತಾಪುರದ ಬಯಲಲ್ಲಿ ಗಾಳಿಯ ತೇವಾಂಶ 30ರ ಕೆಳಗೆ ಬೀಳುವುದು ಮಾಮೂಲು. ಆಗ ಚೀಲದ ಬಾಯಿ ತೆರೆದಿಟ್ಟರೂ ಜೋಳ ತಾನಾಗಿ ಇನ್ನಷ್ಟು ಒಣಗುತ್ತದೆ. ರೊಟ್ಟಿ ಬುಟ್ಟಿಗೆ ಬಟ್ಟೆ ಮುಚ್ಚಿದರೆ ಸಾಕು. ಜೂನ್‌ನಲ್ಲಿ ಮಳೆ ಹಿಡಿದು ಆಗಸ್ಟಿನ ಮುಂಜಾವಿಗೆ ತೇವಾಂಶ 80 ದಾಟಿತೋ, ಅದೇ ತೆರೆದ ಬುಟ್ಟಿಯ ರೊಟ್ಟಿ ವಾರದೊಳಗೆ ಮೆತ್ತಗಾಗುತ್ತದೆ, ಬೆಲ್ಲದ ಪೆಂಟೆ ಬೆವರುತ್ತದೆ, ಶೇಂಗಾ ಬಾಯಿಗೆ ರಬ್ಬರಿನಂತಾಗುತ್ತದೆ. ಮೇ ತಿಂಗಳಲ್ಲಿ ಉಪಕಾರ ಮಾಡಿದ ಬಿದಿರಿನ ಬುಟ್ಟಿಯ ಸಂದುಗಳು ಆಗಸ್ಟಿನಲ್ಲಿ ಅಪಕಾರ ಮಾಡುತ್ತವೆ. ಬೇಸಿಗೆಯಲ್ಲಿ ಬುಟ್ಟಿ, ಮಳೆಗಾಲದಲ್ಲಿ ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿ ಅನ್ನುವುದು ರೂಢಿಯಾದದ್ದು ಸುಮ್ಮನೆ ಅಲ್ಲ. ಅದೂ ಒಣಗಿದ್ದಾಗಲೇ ಡಬ್ಬಿಗೆ ಹೋಗಬೇಕು. ಮೆತ್ತಗಾದ ಮೇಲೆ ಮುಚ್ಚಳ ಬಿಗಿ ಮಾಡಿದರೆ ನೀರನ್ನು ಒಳಗೆ ಕೂಡಿಹಾಕಿದಂತೆ.

2020ರಲ್ಲಿ ಈ ಸೀಮೆಗೆ ಬೇಸಿಗೆ ಕೊಟ್ಟ ಅನುಕೂಲವನ್ನು ಅಕ್ಟೋಬರ್ ಕಿತ್ತುಕೊಂಡಿತು. ತಿಂಗಳ ನಡುವಿನ ಭಾರಿ ಮಳೆಗೆ ಕಾಗಿಣಾ, ಭೀಮಾ ಉಕ್ಕಿದವು. ಸೇಡಂ ತಾಲ್ಲೂಕಿನ ಮಳಖೇಡದ ಕೋಟೆಯೊಳಗೇ ನೀರು. ನೆನೆದ ಚೀಲದ ಕಾಳಿಗೆ ಬಿಡುನೀರು ಒಮ್ಮೆಗೇ 1 ಮುಟ್ಟಿದರೆ ಮುಗಿಯಿತು. ಒಂದೆರಡು ದಿನದಲ್ಲಿ ಬಿಸಿಯೇರಿ ಮೊಳಕೆ, ಅದರ ಬೆನ್ನಿಗೇ ಬೂಸ್ಟು.

ನೀರು ಕುಡಿಯದ ನುಸಿ

ಇಷ್ಟು ಹೊತ್ತಿಗೆ ಒಬ್ಬ ಓದುಗನಾದರೂ ತಕರಾರು ತೆಗೆದಿರಬೇಕು. ತೊಗರಿ ಕಾಳು ಖಣಖಣ ಒಣಗಿದೆ, ಬೂಸ್ಟಿನ ಸುಳಿವಿಲ್ಲ, ಆದರೂ ನುಸಿ ಬಂತಲ್ಲ? 2019ರಲ್ಲಿ ಭೌಗೋಳಿಕ ಗುರುತು ಪಡೆದ ಈ ಸೀಮೆಯ ತೊಗರಿಗೆ ದೊಡ್ಡ ವೈರಿ ಬೂಸ್ಟಲ್ಲ, ಕಾಳು ಕೊರೆಯುವ ಸಣ್ಣ ದುಂಬಿ.

ಕಾಳೊಂದನ್ನು ಬೆಳಕಿಗೆ ಹಿಡಿದು ನೋಡಿ. ಸಿಪ್ಪೆಯ ಮೇಲೆ ಸುಣ್ಣದ ಚುಕ್ಕಿಯಂಥ ಬಿಳಿ ಕಲೆ ಇದ್ದರೆ ಅದು ಅಂಟಿಸಿಟ್ಟ ಮೊಟ್ಟೆ. ಎಷ್ಟೋ ಸಲ ಹೊಲದಲ್ಲೇ ಕಾಯಿಯ ಮೇಲೆ ಇಟ್ಟದ್ದು ರಾಶಿಯ ಜತೆ ಮನೆಗೆ ಬರುತ್ತದೆ. ಮರಿ ನೇರ ಕಾಳಿನೊಳಕ್ಕೆ ಕೊರೆದುಕೊಂಡು ಹೋಗುತ್ತದೆ, ಒಳಗೇ ಬೆಳೆಯುತ್ತದೆ, ಸೆಕೆಯ ದಿನಗಳಲ್ಲಿ ಮೂರು-ನಾಲ್ಕು ವಾರಕ್ಕೆ ದುಂಡನೆಯ ಕಿಟಕಿ ಕೊರೆದು ದುಂಬಿಯಾಗಿ ಹೊರಬರುತ್ತದೆ. ಒಂದು ಹೆಣ್ಣು ಇಡುವ ಮೊಟ್ಟೆ ಎಂಬತ್ತು-ನೂರು. ಬ್ಯಾರಿಕೇಡು ಬಿದ್ದ ದಿನ ಚೀಲದಲ್ಲಿ ಹತ್ತಾರು ಮೊಟ್ಟೆಗಳಿದ್ದರೆ, 28 ದಿನ ಕಳೆದು ಅದನ್ನು ತೆಗೆಯುವ ಹೊತ್ತಿಗೆ ಹೊಸ ತಲೆಮಾರು ಹಾರಾಡುತ್ತಿರುತ್ತದೆ.

ಈ ಮರಿ ಇಡೀ ಬಾಳಿನಲ್ಲಿ ಒಂದು ಹನಿ ನೀರು ಕುಡಿಯುವುದಿಲ್ಲ. ಹಾಗಾದರೆ ನೀರೆಲ್ಲಿಂದ? ಅದೇ ಮಾಡಿಕೊಳ್ಳುತ್ತದೆ. ಪಿಷ್ಟವನ್ನು ಆಮ್ಲಜನಕದೊಂದಿಗೆ ದಹಿಸಿದರೆ ಶಕ್ತಿಯ ಜತೆ ಇಂಗಾಲದ ಡೈ ಆಕ್ಸೈಡೂ ನೀರೂ ಹುಟ್ಟುತ್ತವೆ. ಒಂದು ಗ್ರಾಂ ಪಿಷ್ಟಕ್ಕೆ ಅರ್ಧ ಗ್ರಾಂಗಿಂತ ತುಸು ಹೆಚ್ಚು ನೀರು. ಕಾಳಿನ ನೀರು ಯಾರ ಹಿಡಿತದಲ್ಲಿದ್ದರೇನು, ನುಸಿಗೆ ಅದರ ಹಂಗಿಲ್ಲ. ಜೇಬು ಖಾಲಿಯಿದ್ದರೂ ಮನೆಯೊಳಗೇ ನೋಟು ಅಚ್ಚು ಹಾಕುವವನಿಗೆ ಏನು ಚಿಂತೆ?

ಈ ಅಚ್ಚುಯಂತ್ರಕ್ಕೆ ಬೇಕಾದ ಕಚ್ಚಾವಸ್ತು ಆಮ್ಲಜನಕ. ಅದನ್ನು ನಿಲ್ಲಿಸುವ ಉಪಾಯ ಈ ನಾಡಿನ ನೆಲದಲ್ಲೇ ಇತ್ತು. ಹಗೇವು ಕಂಡವರು ಈಗ ಕಡಿಮೆ. ನೆಲದಲ್ಲಿ ಆಳಕ್ಕೆ ತೋಡಿದ ಕಣಜ, ಬಾಯಿ ಕಿರಿದು, ಹೊಟ್ಟೆ ಅಗಲ. ಒಳಮೈಗೆ ಹುಲ್ಲು ಹೊದಿಸಿ ಜೋಳ ಸುರಿದು, ಮೇಲೆ ಹುಲ್ಲು, ಕಲ್ಲುಚಪ್ಪಡಿ, ಮಣ್ಣು ಮೆತ್ತಿ ಮುಚ್ಚಿಬಿಡುತ್ತಿದ್ದರು. ಒಳಗಿನ ಕಾಳೂ ಹುಳುವೂ ಉಸಿರಾಡುತ್ತ ಇದ್ದ ಆಮ್ಲಜನಕವನ್ನು ಮುಗಿಸುತ್ತವೆ. ಹೊಸ ಗಾಳಿ ಬರುವುದಿಲ್ಲ. ಹಗೇವು ತೆಗೆದ ಕೂಡಲೇ ಯಾರೂ ಇಳಿಯುತ್ತಿರಲಿಲ್ಲ. ಬಾಯಿ ತೆರೆದು ಬಿಟ್ಟು, ಆಮೇಲೆ ದೀಪ ಇಳಿಬಿಟ್ಟು, ಅದು ಆರದಿದ್ದರೆ ಮಾತ್ರ ಮನುಷ್ಯ ಇಳಿಯುತ್ತಿದ್ದ. ಅವಸರಪಟ್ಟು ಪ್ರಾಣ ಕಳೆದುಕೊಂಡವರೂ ಉಂಟು.

ಹುಳುಗಳು ಅಲ್ಲಿ ಉಸಿರುಗಟ್ಟಿ ಸಾಯುತ್ತವೆ ಎಂದೇ ಬಹುಕಾಲ ಎಲ್ಲರೂ ತಿಳಿದಿದ್ದರು. ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದ ಲ್ಯಾರಿ ಮುರ್ಡಾಕ್ ಮತ್ತು ಸಂಗಡಿಗರು ಆಫ್ರಿಕಾದ ರೈತರ ಅಲಸಂದೆ ಉಳಿಸಲು ಗಾಳಿಯಾಡದ ಚೀಲಗಳ ಮೇಲೆ ಕೆಲಸ ಮಾಡುತ್ತಿದ್ದರು. ನಮ್ಮ ತೊಗರಿ ಕೊರೆಯುವ ದುಂಬಿಯ ಖಾಸಾ ಬಳಗವೇ ಅಲ್ಲಿನ ವೈರಿ. 2012ರಲ್ಲಿ ಅವರು ಪ್ರಕಟಿಸಿದ ವಿವರಣೆ ಬೇರೆಯಾಗಿತ್ತು. ಆಮ್ಲಜನಕ ಇಳಿದಂತೆ ಮರಿ ತಿನ್ನುವುದನ್ನು ನಿಲ್ಲಿಸುತ್ತದೆ, ದಹನ ನಿಲ್ಲುತ್ತದೆ, ನೀರು ಹುಟ್ಟುವುದೂ ನಿಲ್ಲುತ್ತದೆ. ಮೈಯಿಂದ ಆರಿಹೋದ ನೀರಿಗೆ ಬದಲಿ ಸಿಗದೆ ಅದು ಒಣಗಿ ಸಾಯುತ್ತದೆ. ಹಗೇವಿನೊಳಗೂ ಕೊನೆಗೆ ಲೆಕ್ಕ ನೀರಿನದೇ.

ಕಾಳಿಗೆ ಬೂದಿ, ಕೆಮ್ಮಣ್ಣು ಬೆರೆಸಿಡುವುದನ್ನೂ ಇದೇ ಸಾಲಿಗೆ ಸೇರಿಸಬಹುದು. ಕೀಟದ ಮೈಮೇಲೆ ತೆಳುವಾದ ಮೇಣದ ಪದರವಿದೆ, ಒಳಗಿನ ನೀರು ಆರಿಹೋಗದಂತೆ ತಡೆಯುವುದು ಅದೇ. ನುಣ್ಣನೆಯ ಪುಡಿ ಆ ಪದರವನ್ನು ಗೀರಿದರೆ ಇಲ್ಲವೇ ಹೀರಿಕೊಂಡರೆ ಕೀಟ ಒಣಗಿ ಸಾಯುತ್ತದೆ ಎಂಬುದನ್ನು 1940ರ ದಶಕದಲ್ಲಿ ಇಂಗ್ಲೆಂಡಿನ ವಿನ್ಸೆಂಟ್ ವಿಗಲ್ಸ್‌ವರ್ತ್ ಬಿಡಿಸಿ ತೋರಿಸಿದರು. ಬೇಳೆಗೆ ಔಡಲೆಣ್ಣೆ ಸವರುವುದು ಮಾತ್ರ ಬೇರೆ ದಾರಿಯ ಉಪಾಯ: ಎಣ್ಣೆ ಮೊಟ್ಟೆಯ ಉಸಿರು ಕಟ್ಟುತ್ತದೆ. ಬೇವಿನ ಎಲೆಯ ಬಗ್ಗೆ ನನಗೆ ಅಷ್ಟು ಭಕ್ತಿಯಿಲ್ಲ. ಬೇವಿನ ಬೀಜದಲ್ಲಿ ಶಕ್ತಿಯಿದೆ, ನಿಜ; ಆದರೆ ಗಿಡದಿಂದ ಈಗ ಕಿತ್ತ ಹಸಿ ಎಲೆಯನ್ನು ಚೀಲಕ್ಕೆ ತುರುಕಿದರೆ ನುಸಿಗಿಂತ ಮೊದಲು ಕಾಳಿಗೆ ತಲುಪುವುದು ಎಲೆಯ ನೀರು. ಹಾಕುವುದೇ ಆದರೆ ನೆರಳಲ್ಲಿ ಗರಿಗರಿ ಒಣಗಿಸಿ ಹಾಕಿ.

ಕಮಟು: ನೀರಿನ ಲೆಕ್ಕ ನಿಲ್ಲುವ ಜಾಗ

ಒಣಗಿದಷ್ಟೂ ಒಳ್ಳೆಯದು ಎಂದುಕೊಂಡರೆ ಮತ್ತೆ ಎಡವುತ್ತೇವೆ. ರೊಟ್ಟಿಗೆ ಹಚ್ಚಿಕೊಳ್ಳುವ ಚಟ್ನಿಪುಡಿಗಳಾದ ಶೇಂಗಾ ಹಿಂಡಿ, ಅಗಸಿ ಹಿಂಡಿ, ಗುರೆಳ್ಳು ಹಿಂಡಿಗೆ ಬೂಸ್ಟು ಬರುವುದು ಅಪರೂಪ. ಅವು ಹೋಗುವುದು ಕಮಟು ವಾಸನೆ ಹೊಡೆದು. ಎಣ್ಣೆಗೆ ಗಾಳಿಯ ಆಮ್ಲಜನಕ ತಾಗಿ ಆಗುವ ಈ ಕೆಡುಕಿಗೆ ನೀರೇ ಬೇಡ. ತೀರಾ ಒಣಗಿದಾಗ, ಎಣ್ಣೆಯ ಮೇಲಿದ್ದ ತೆಳ್ಳನೆಯ ನೀರಿನ ಹೊದಿಕೆಯೂ ಹೋಗಿ, ಇದು ಇನ್ನಷ್ಟು ಚುರುಕಾಗುತ್ತದೆ. ಹಿಂಡಿಯನ್ನು ಒಂದೇ ದೊಡ್ಡ ಡಬ್ಬಿಗೆ ತುಂಬಿ ದಿನಾ ತೆರೆಯುವ ಬದಲು ಸಣ್ಣ ಡಬ್ಬಿಗಳಲ್ಲಿ ಒತ್ತಿ ತುಂಬಿ, ಒಂದು ಮುಗಿದ ಮೇಲೆ ಇನ್ನೊಂದು ತೆಗೆಯುವುದು ಇದಕ್ಕೇ.

ಹಿಟ್ಟಿನ ಕಥೆಯೂ ಇದೇ. ಕಾಳಿನೊಳಗೆ ಎಣ್ಣೆಯೂ ಅದನ್ನು ಒಡೆಯುವ ಕಿಣ್ವವೂ ಬೇರೆ ಬೇರೆ ಕೋಣೆಗಳಲ್ಲಿರುತ್ತವೆ. ಗಿರಣಿ ಗೋಡೆ ಒಡೆದು ಎರಡನ್ನೂ ಬೆರೆಸುತ್ತದೆ. ಸಜ್ಜೆ ಹಿಟ್ಟು ಬೇಗ ಕಹಿಯಾಗುತ್ತದೆ, ಜೋಳದ್ದು ಇನ್ನೊಂದಿಷ್ಟು ದಿನ ತಾಳುತ್ತದೆ. ಬ್ಯಾರಿಕೇಡಿನ ಆಚೆ ಗಿರಣಿ ಉಳಿದುಬಿಟ್ಟರೆ ಎಂಬ ಹೆದರಿಕೆಗೆ 50 ಕಿಲೋ ಜೋಳವನ್ನು ಒಮ್ಮೆಗೇ ಬೀಸಿಸಿ ಇಡುವುದು ಜಾಣತನ ಅನ್ನಿಸಬಹುದು. ಅದರ ಬದಲು ವಾರಕ್ಕಾಗುವಷ್ಟು ಹಿಟ್ಟು, ಅದರ ಮುಂದಿನ ಎರಡು ವಾರಕ್ಕಾಗುವಷ್ಟು ಖಡಕ್ ರೊಟ್ಟಿ, ಉಳಿದದ್ದು ಇಡಿ ಕಾಳು. ಇಡಿ ಕಾಳಿದ್ದರೆ ಗಿರಣಿ ಮುಚ್ಚಿದ್ದರೂ ಮಿಕ್ಸಿಯಲ್ಲಿ ಒಡೆದು ನುಚ್ಚಾದರೂ ಮಾಡಿಕೊಳ್ಳಬಹುದು.

ಉಪ್ಪಿನ ಬಾಟಲಿ

ಜೋಳ ಸಾಕಷ್ಟು ಒಣಗಿದೆಯೋ ಇಲ್ಲವೋ ನೋಡಲು ಹಿರಿಯರು ಕಾಳು ಕಡಿಯುತ್ತಿದ್ದರು: ಕಟಕ್ ಎಂದರೆ ಸರಿ, ಹಲ್ಲಿಗೆ ಒತ್ತಿದಂತಾದರೆ ಇನ್ನೂ ಬಿಸಿಲು ಬೇಕು. ಹಲ್ಲಿನ ಮೇಲೆ ಭರವಸೆಯಿಲ್ಲದವರಿಗೆ ಉಪ್ಪಿದೆ. ಉಪ್ಪಿಗೆ ಒಂದು ಹಟ: ಸುತ್ತಲ ಗಾಳಿಯ ತೇವಾಂಶ 75ಕ್ಕಿಂತ ಕೆಳಗಿರುವ ತನಕ ಅದು ಒಣಗಿಯೇ ಇರುತ್ತದೆ, ದಾಟಿದ ಕೂಡಲೇ ಬೆವರುತ್ತದೆ. ಆಗಲೇ ನೋಡಿದೆವಲ್ಲ, ಉಪ್ಪು ತುಂಬಿದ ನೀರಿನ ಅಂಕ 0.75, ಅದೇ ಸಂಖ್ಯೆ ಇಲ್ಲಿಯೂ ಕೆಲಸ ಮಾಡುತ್ತಿದೆ.

ಚೆನ್ನಾಗಿ ಒಣಗಿದ ಗಾಜಿನ ಬಾಟಲಿಗೆ ಕಾಲು ಭಾಗ ಜೋಳ ಹಾಕಿ. ಹಂಚಿನ ಮೇಲೆ ಬೆಚ್ಚಗೆ ಮಾಡಿ ಆರಿಸಿದ ಪುಡಿ ಉಪ್ಪು ಒಂದೆರಡು ಚಮಚ ಬೆರೆಸಿ. ಮುಚ್ಚಳ ಬಿಗಿದು ಒಂದು ನಿಮಿಷ ಜೋರಾಗಿ ಕುಲುಕಿ, ಹದಿನೈದು ನಿಮಿಷ ಬಿಡಿ. ಉಪ್ಪು ಗಾಜಿಗೆ ಅಂಟಿಕೊಂಡು ನಿಂತರೆ ಕಾಳಿನ ಬಿಡುನೀರು 0.75ರ ಮೇಲಿದೆ, ಅಂದರೆ ನೂರಕ್ಕೆ 15 ಪಾಲಿಗಿಂತ ಹೆಚ್ಚು ನೀರು; ಚೀಲ ಕಟ್ಟುವ ಮಾತೇ ಬೇಡ. ಅಂಟದೆ ಉದುರಿದರೆ ಒಂದು ಗಂಡಾಂತರ ದಾಟಿದಂತೆ. ಆದರೂ 12ಕ್ಕೆ ಇಳಿಯಲು ಇನ್ನೂ ಒಂದೆರಡು ಬಿಸಿಲು ಕೊಡುವುದು ವಾಸಿ, ಈ ಪರೀಕ್ಷೆ ಅಷ್ಟು ಸೂಕ್ಷ್ಮವಲ್ಲ.

ಒಣಗಿಸಲು ಮಾಳಿಗೆಯ ಶಹಾಬಾದಿ ಫರಸಿಯಷ್ಟು ಅನುಕೂಲದ ಜಾಗ ಇನ್ನೊಂದಿಲ್ಲ; ಬೇಗ ಕಾಯುತ್ತದೆ, ಗುಡಿಸಿದರೆ ಕಾಳು ಉಳಿಯುವುದಿಲ್ಲ. ಕಾದ ಕಾಳನ್ನು ಆರಿದ ಮೇಲೆಯೇ ಚೀಲಕ್ಕೆ ತುಂಬಬೇಕು. ಚೀಲವನ್ನು ಮಾತ್ರ ಅದೇ ಫರಸಿ ಹಾಸಿದ ಕೋಣೆಯ ನೆಲಕ್ಕೆ ತಾಗಿಸಿ ಇಡಬಾರದು. ಮಳೆಗಾಲದಲ್ಲಿ ಆ ಕಲ್ಲು ಕೋಣೆಯ ಗಾಳಿಗಿಂತ ತಣ್ಣಗಿರುತ್ತದೆ, ಗಾಳಿಯ ನೀರು ಅಲ್ಲಿ ಬಂದು ಹನಿಗಟ್ಟುತ್ತದೆ, ಚೀಲದ ತಳದ ನಾಲ್ಕು ಬೆರಳು ಕಾಳು ಮೊದಲು ಹೋಗುತ್ತದೆ. ಕೆಳಗೆ ಎರಡು ಅಡ್ಡ ಹಲಗೆ, ಗೋಡೆಯಿಂದ ಒಂದು ಗೇಣು ಜಾಗ, ಇಷ್ಟು ಸಾಕು.